ಬಾರ್ಡರ್ ಪಂಚ್, ಡಿಸೈನ್ ಕತ್ತರಿ, ಕಟರ್: ಕೊಡಗಿನ ಮಳೆಗಾಲಗಳನ್ನು ದಾಟಿದ ಮೇಲೆ ಒಂದು ವಿಮರ್ಶೆ

ಸ್ಕ್ರಾಪ್‌ಬುಕ್ ಪುಟಗಳಿಗೆ ಕಾಗದದ ಅಂಚುಪಟ್ಟಿಗಳನ್ನು ಮನೆಯಲ್ಲೇ ಮಾಡಿಕೊಳ್ಳಲು ನಾನು ಹಲವು ವರ್ಷಗಳಿಂದ ಬಳಸುತ್ತಿರುವುದು ಐದು ಸಾಮಾನುಗಳನ್ನು ಮಾತ್ರ: ಒತ್ತಿದರೆ ಕಾಗದದ ಅಂಚಿನಲ್ಲಿ ಚಿತ್ತಾರ ಕೊರೆಯುವ ಒಂದು ಬಾರ್ಡರ್ ಪಂಚ್, ಅಲೆಯಲೆಯಾಗಿ ಕತ್ತರಿಸುವ ಒಂದು ಡಿಸೈನ್ ಕತ್ತರಿ, ಮೊನೆ ಮೊಂಡಾದಾಗ ತುದಿ ಮುರಿದು ತೆಗೆಯುವ ಬ್ಲೇಡಿನ ಕಟರ್, 18 ಇಂಚಿನ ಸ್ಟೀಲ್ ಸ್ಕೇಲ್ ಮತ್ತು ಎ3 ಅಳತೆಯ ಕಟಿಂಗ್ ಮ್ಯಾಟ್. ಮಡಿಕೇರಿ ಸಮೀಪದ ನಮ್ಮ ಮನೆಯಲ್ಲಿ ಪುತ್ತರಿ ಸುಗ್ಗಿ ಹಬ್ಬದ, ಮದುವೆಗಳ, ತೋಟದ ಫೋಟೋಗಳನ್ನು 12 ಇಂಚು ಚದರದ ಪುಟಗಳಲ್ಲಿ ಜೋಡಿಸಿಡುವ ಕೆಲಸ ನನ್ನ ಪಾಲಿಗೆ ಬಂದಿರುವುದರಿಂದ ಈ ಸಾಮಾನುಗಳಿಗೆ ಬಿಡುವು ಸಿಕ್ಕಿದ್ದು ಕಡಿಮೆ. ಐದರಲ್ಲಿ ಹೆಚ್ಚು ಬೆಲೆಯದು ಪಂಚ್. ಹೊಸದಾಗಿ ಈ ಹವ್ಯಾಸಕ್ಕೆ ಬರುವವರು ಎಲ್ಲಕ್ಕಿಂತ ಕೊನೆಯಲ್ಲಿ ಕೊಳ್ಳಬೇಕಾದದ್ದೂ ಅದೇ ಎಂಬುದು ನನ್ನ ಅಭಿಪ್ರಾಯ.

ಪಂಚ್ ಕೆಟ್ಟ ಸಾಮಾನು ಎಂದು ಇದರ ಅರ್ಥವಲ್ಲ. ಒಣಹವೆಯ ತಿಂಗಳುಗಳಲ್ಲಿ, ಸರಿಯಾದ ದಪ್ಪದ ಕಾಗದ ಕೊಟ್ಟರೆ, ಅದು ಕೊರೆಯುವ ಚಿತ್ತಾರದ ನಯಕ್ಕೆ ಕೈಯಿಂದ ಮಾಡಿದ ಯಾವ ಕೆಲಸವೂ ಸಾಟಿಯಾಗುವುದಿಲ್ಲ. ಆದರೆ ಅದನ್ನು ಬಳಸುವ ಕ್ರಮವನ್ನು ಡಬ್ಬಿಯ ಮೇಲಿನ ಚಿತ್ರ ಪೂರ್ತಿಯಾಗಿ ಹೇಳುವುದಿಲ್ಲ. ಮೊದಲು ಕಿರಿದಾದ ಪಟ್ಟಿ ಕತ್ತರಿಸಿಕೊಂಡು ಆಮೇಲೆ ಪಂಚ್ ಮಾಡಲು ಹೋದರೆ ಪಟ್ಟಿ ಸಂದಿಯೊಳಗೆ ಓರೆಯಾಗಿ ಜಾರುತ್ತದೆ. ಅಗಲವಾದ ಹಾಳೆಯ ಅಂಚಿಗೇ ಪಂಚ್ ಮಾಡಿ, ಚಿತ್ತಾರ ಮುಗಿದ ಮೇಲೆ ಕಟರಿನಿಂದ ಪಟ್ಟಿಯನ್ನು ಬೇರ್ಪಡಿಸುವುದೇ ಸರಿಯಾದ ದಾರಿ. ಪಂಚನ್ನು ತಲೆಕೆಳಗಾಗಿ ಹಿಡಿದರೆ ಹಿಂದಿನ ಕೊರೆತವು ಅಚ್ಚಿನ ಗುರುತಿನ ಮೇಲೆ ಕೂತಿದೆಯೇ ಎಂಬುದು ಕಣ್ಣಿಗೆ ನೇರವಾಗಿ ಕಾಣುತ್ತದೆ. ಚಿತ್ತಾರದ ಒಂದು ಆವರ್ತನದ ಉದ್ದವು 12 ಇಂಚನ್ನು ಸಮವಾಗಿ ಭಾಗಿಸುವುದು ಅಪರೂಪವಾದ್ದರಿಂದ, ಒಂದು ತುದಿಯಿಂದ ಶುರುಮಾಡುವ ಬದಲು ಹಾಳೆಯ ನಡುವಿನಿಂದ ಎರಡೂ ಕಡೆಗೆ ಸಾಗಬೇಕು. ಆಗ ಕೊನೆಯಲ್ಲಿ ಉಳಿಯುವ ಅರೆ ಹೂವೋ ಅರೆ ಬಳ್ಳಿಯೋ ಎರಡೂ ಮೂಲೆಗಳಲ್ಲಿ ಒಂದೇ ಅಳತೆಯಲ್ಲಿ ಇರುತ್ತದೆ, ನೋಡುವವರಿಗೆ ಅದು ಬೇಕೆಂದೇ ಮಾಡಿದಂತೆ ತೋರುತ್ತದೆ.

ಇನ್ನು ಕಾಗದದ ವಿಷಯ. ಕೊಡಗಿನಲ್ಲಿ ಈ ಕೆಲಸ ಮಾಡುವವರು ಸಾಮಾನಿಗಿಂತ ಹೆಚ್ಚು ಯೋಚಿಸಬೇಕಾದದ್ದು ಇಲ್ಲಿಯೇ. 80 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ) ತೂಕದ ಜೆರಾಕ್ಸ್ ಕಾಗದವನ್ನು ಪಂಚ್ ಕೊರೆಯುವುದಕ್ಕಿಂತ ಹೆಚ್ಚಾಗಿ ಜಗಿಯುತ್ತದೆ; 250 ಜಿಎಸ್‌ಎಂ ದಾಟಿದ ಕಾರ್ಡ್‌ಸ್ಟಾಕಿನಲ್ಲಿ, ಅಂದರೆ ದಪ್ಪ ಕಾಗದದಲ್ಲಿ, ಪಂಚಿನ ಸನ್ನೆ (ಒತ್ತುವ ಹಿಡಿ) ಒತ್ತಲು ಮೈಭಾರವೆಲ್ಲ ಹಾಕಬೇಕಾಗುತ್ತದೆ. ನನ್ನ ಪಂಚಿಗೆ 120ರಿಂದ 180 ಜಿಎಸ್‌ಎಂವರೆಗಿನ ಕಾಗದ ಹೊಂದಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಈ ಲೆಕ್ಕವೂ ನಿಲ್ಲುವುದಿಲ್ಲ. ಬಟ್ಟೆಯೇ ದಿನಗಟ್ಟಲೆ ಒಣಗದ ಆ ತಿಂಗಳುಗಳಲ್ಲಿ ಕಾಗದ ಗಾಳಿಯಿಂದ ತೇವ ಹೀರಿ ಮೆತ್ತಗಾಗುತ್ತದೆ, ಕೊರೆದ ಅಂಚಿನಲ್ಲಿ ನಾರು ಎದ್ದು ನಿಲ್ಲುತ್ತದೆ, ಸಣ್ಣ ಚೂರುಗಳು ಅಚ್ಚಿನೊಳಗೇ ಸಿಕ್ಕಿಕೊಳ್ಳುತ್ತವೆ. ಆದ್ದರಿಂದ ಮಳೆಗಾಲಕ್ಕೆ ಬೇಕಾದ ಪಟ್ಟಿಗಳನ್ನು ನಾನು ಏಪ್ರಿಲ್, ಮೇ ತಿಂಗಳಲ್ಲೇ ಪಂಚ್ ಮಾಡಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಚಪ್ಪಟೆಯಾಗಿ ಇಡುತ್ತೇನೆ.

ಇದರ ಜೊತೆಗೇ ಗಮನಿಸಬೇಕಾದದ್ದು ಕಾಗದದ ನಾರಿನ ದಿಕ್ಕು. ಯಂತ್ರದಲ್ಲಿ ತಯಾರಾದ ಕಾಗದದಲ್ಲಿ ನಾರುಗಳು ಬಹುಪಾಲು ಒಂದೇ ದಿಕ್ಕಿಗೆ ಮಲಗಿರುತ್ತವೆ, ತೇವ ಕುಡಿದಾಗ ಅವು ಉದ್ದಕ್ಕಿಂತ ಅಗಲದಲ್ಲಿ ಹೆಚ್ಚು ಹಿಗ್ಗುತ್ತವೆ. ನಾರಿಗೆ ಅಡ್ಡಲಾಗಿ ಕತ್ತರಿಸಿದ ಉದ್ದನೆಯ ಪಟ್ಟಿಯನ್ನು ಬೇಸಿಗೆಯಲ್ಲಿ ಅಂಟಿಸಿದರೆ ಜುಲೈ ಹೊತ್ತಿಗೆ ಅದು ಉದ್ದವಾಗಿ, ಹೋಗಲು ಜಾಗವಿಲ್ಲದೆ, ಪುಟದ ಮೇಲೆ ಹಪ್ಪಳದಂತೆ ಉಬ್ಬುತ್ತದೆ. ನಾರಿನ ಉದ್ದಕ್ಕೆ ಕತ್ತರಿಸಿದ ಪಟ್ಟಿಗೆ ಈ ತೊಂದರೆ ಬಹಳ ಕಡಿಮೆ. ದಿಕ್ಕನ್ನು ತಿಳಿಯಲು ಹಾಳೆಯನ್ನು ಮಡಚದೆ ಒಮ್ಮೆ ಉದ್ದಕ್ಕೆ, ಒಮ್ಮೆ ಅಗಲಕ್ಕೆ ಮೆಲ್ಲನೆ ಬಗ್ಗಿಸಿ ನೋಡಿದರೆ ಸಾಕು: ಯಾವ ಕಡೆ ಸುಲಭವಾಗಿ ಸುರುಳಿಯಾಗುತ್ತದೆಯೋ, ಆ ಸುರುಳಿಯ ಉದ್ದಕ್ಕೇ ನಾರು ಮಲಗಿರುತ್ತದೆ.

ಅಳತೆಯದೂ ಒಂದು ತೊಡಕಿದೆ. ಎ4 ಹಾಳೆಯ ಉದ್ದ 29.7 ಸೆಂಟಿಮೀಟರ್, 12 ಇಂಚಿನ ಪುಟದ ಉದ್ದ ಸುಮಾರು 30.5 ಸೆಂಟಿಮೀಟರ್, ಪಟ್ಟಿ ಎಂಟು ಮಿಲಿಮೀಟರಿನಷ್ಟು ಗಿಡ್ಡವಾಗುತ್ತದೆ. ಎರಡೂ ತುದಿಯಲ್ಲಿ ನಾಲ್ಕು ಮಿಲಿಮೀಟರ್ ಬಿಟ್ಟು ಅಂಟಿಸಿದರೆ ಕೊರತೆಯೇ ಚೌಕಟ್ಟಿನಂತೆ ಕಾಣುತ್ತದೆ. ಅದು ಒಪ್ಪದವರು ದೊಡ್ಡ ಚಾರ್ಟ್ ಪೇಪರಿನಿಂದ ಪಟ್ಟಿ ತೆಗೆಯಬಹುದು, ಅಥವಾ ಎರಡು ಪಟ್ಟಿಗಳ ಜೋಡಣೆಯನ್ನು ಫೋಟೋ ಒಂದರ ಕೆಳಗೆ ಅಡಗಿಸಬಹುದು.

ಎಲ್ಲಕ್ಕಿಂತ ಹೆಚ್ಚು ದುಡಿದಿರುವುದು ಕಟರ್ ಮತ್ತು ಸ್ಟೀಲ್ ಸ್ಕೇಲಿನ ಜೋಡಿ. ಪಂಚ್ ಕೊಡುವುದು ಒಂದೇ ಚಿತ್ತಾರವನ್ನು, ಅದೂ ಯಾರೋ ಎಲ್ಲಿಯೋ ಬರೆದದ್ದನ್ನು. ಕಟರಿಗೆ ಅಂಥ ಕಟ್ಟಿಲ್ಲ. ಕೊಡವ ಗಂಡಸರು ಕುಪ್ಯ ಎಂಬ ನಿಲುವಂಗಿಯ ಮೇಲೆ ಸೊಂಟಕ್ಕೆ ಸುತ್ತುವ ಚೇಲೆಯ ಕೆಂಪು ರೇಷ್ಮೆ ಮತ್ತು ಚಿನ್ನದ ಕಸೂತಿಯನ್ನು ನೆನಪಿಸುವ ಅಂಚು ನನಗೆ ಯಾವ ಪಂಚಿನಲ್ಲೂ ಸಿಕ್ಕಿಲ್ಲ. ಅದನ್ನು ಹೀಗೆ ಮಾಡಿಕೊಂಡಿದ್ದೇನೆ: ಎರಡೂವರೆ ಸೆಂಟಿಮೀಟರ್ ಅಗಲದ ಕಡುಗೆಂಪು ಪಟ್ಟಿಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಐದು ಮಿಲಿಮೀಟರಿನ ಚೌಕಗಳನ್ನು ಎಳೆದು, ಒಂದು ಬಿಟ್ಟು ಒಂದು ಚೌಕದಲ್ಲಿ ತ್ರಿಕೋನ ಕೊರೆದು ತೆಗೆದು, ಕೆಳಗೆ ಚಿನ್ನದ ಬಣ್ಣದ ಕಾಗದವನ್ನು ಎರಡು ಮಿಲಿಮೀಟರ್ ಹೊರಗೆ ಇಣುಕುವಂತೆ ಇಟ್ಟರೆ ಮದುವೆಯ ಪುಟಕ್ಕೆ ತಕ್ಕ ಅಂಚು ಸಿದ್ಧವಾಗುತ್ತದೆ. ಹಿಂಬದಿಯಿಂದ ಕೊರೆಯುವುದರಿಂದ ಪೆನ್ಸಿಲಿನ ಗೆರೆ ಮುಂದೆ ಕಾಣುವುದಿಲ್ಲ. ಒಂದೇ ಏಟಿಗೆ ಕತ್ತರಿಸಲು ಬಲ ಹಾಕುವುದಕ್ಕಿಂತ ಹಗುರವಾಗಿ ಎರಡು ಮೂರು ಸಲ ಎಳೆಯುವುದು ಲೇಸು, ಮತ್ತು ಮೊನೆ ಮೊಂಡಾಯಿತೆಂಬ ಅನುಮಾನ ಬಂದ ಕೂಡಲೇ ತುದಿ ಮುರಿಯುವುದರಲ್ಲಿ ಜಿಪುಣತನ ಮಾಡಬಾರದು. ಪ್ಲಾಸ್ಟಿಕ್ ಸ್ಕೇಲ್ ಈ ಕೆಲಸಕ್ಕೆ ಬೇಡವೇ ಬೇಡ, ಬ್ಲೇಡ್ ಅದರ ಅಂಚನ್ನೇ ಕೆತ್ತಿಬಿಡುತ್ತದೆ. ಮ್ಯಾಟ್ ಎ4 ಅಳತೆಯದಾದರೆ 12 ಇಂಚಿನ ಪಟ್ಟಿ ಅದರ ಹೊರಗೆ ಚಾಚುತ್ತದೆ, ಹಾಗಾಗಿ ಎ3.

ಡಿಸೈನ್ ಕತ್ತರಿಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಬಾಯನ್ನು ಪೂರ್ತಿ ಮುಚ್ಚದೆ, ಮುಕ್ಕಾಲು ಭಾಗ ಕತ್ತರಿಸಿ, ಮುಂದಿನ ಕಡಿತಕ್ಕೆ ಹಿಂದಿನ ಅಲೆಯೊಳಗೇ ಹಲ್ಲು ಕೂರಿಸಿಕೊಂಡು ಸಾಗಿದರೆ ಅಲೆ ತಪ್ಪುವುದಿಲ್ಲ. ಮಕ್ಕಳ ಕೈಗೆ ಕಟರಿಗಿಂತ ಇದನ್ನು ಕೊಡುವುದು ಕ್ಷೇಮ. ರೋಬಸ್ಟಾ ಕಾಫಿ ಗಿಡದ ಎಲೆಯ ಅಲೆಯಲೆಯಾದ ಅಂಚನ್ನು ಹಸಿರು ಪಟ್ಟಿಯಲ್ಲಿ ತರಲು ನಮ್ಮ ಮನೆಯಲ್ಲಿ ಇದೇ ಬಳಕೆಯಾಗುತ್ತದೆ.

ಅಂಟಿನ ವಿಷಯದಲ್ಲಿ ನೀರಿನಂಶದ ಬಿಳಿ ಗಮ್ಮನ್ನು ನಾನು ಪೂರ್ತಿ ಕೈಬಿಟ್ಟಿದ್ದೇನೆ, ಏಕೆಂದರೆ ಹವೆಯ ತೇವ ಸಾಲದೆಂಬಂತೆ ಅದೂ ತೇವ ಕುಡಿಸುತ್ತದೆ. ಪಟ್ಟಿಯ ದೇಹಕ್ಕೆ ತೆಳುವಾದ ಡಬಲ್ ಸೈಡ್ ಟೇಪ್, ಚಿತ್ತಾರದ ಸೂಕ್ಷ್ಮ ತುದಿಗಳಿಗೆ ಗ್ಲೂ ಸ್ಟಿಕ್, ಇಷ್ಟು ಸಾಕು. ಎರಡೂ ಆಮ್ಲರಹಿತ ಎಂದು ನಮೂದಿಸಿದ್ದೇ ಆಗಿರಲಿ, ಆಮ್ಲ ಫೋಟೋವನ್ನು ಕಾಲಕ್ರಮೇಣ ಕೆಡಿಸುತ್ತದೆ. ಕಾಫಿ ನಾಡಿನಲ್ಲಿ ಡಿಕಾಕ್ಷನ್ ಬಳಿದು ಕಾಗದಕ್ಕೆ ಹಳೆಯ ಬಣ್ಣ ತರುವ ಆಸೆ ಯಾರಿಗಾದರೂ ಬಂದೀತು. ಅಂಚು ಚೆಂದವಾಗಿಯೇ ಕಾಣುತ್ತದೆ, ಆದರೆ ಕಾಫಿಯಲ್ಲಿ ಆಮ್ಲವಿರುವುದರಿಂದ ಅಂಥ ಪಟ್ಟಿ ಫೋಟೋಗೆ ತಾಗದಂತೆ ಅಂತರ ಬಿಡಬೇಕು, ಅಜ್ಜನ ಕಾಲದ ಮೂಲ ಫೋಟೋ ಇರುವ ಪುಟಕ್ಕಂತೂ ಅದನ್ನು ಬಳಸಲೇಬಾರದು.

ಪಂಚಿನ ಆರೈಕೆ ಸುಲಭ. ಅಲ್ಯೂಮಿನಿಯಂ ಫಾಯಿಲನ್ನು ಎರಡು ಮೂರು ಪದರ ಮಡಚಿ ಹಲವು ಸಲ ಕೊರೆದರೆ ಅಚ್ಚಿನ ಅಂಚಿನ ಒರಟು ಕಡಿಮೆಯಾಗುತ್ತದೆ; ಸನ್ನೆ ಬಿಗಿಯಾದರೆ ಮೇಣದ ಕಾಗದ ಕೊರೆದರೆ ಸಡಿಲವಾಗುತ್ತದೆ. ಎಣ್ಣೆ ಹಾಕಬಾರದು, ಅದು ಮುಂದಿನ ಎಲ್ಲ ಪಟ್ಟಿಗಳಿಗೂ ಕಲೆ ಹತ್ತಿಸುತ್ತದೆ. ಆದರೂ ನನ್ನ ಪಂಚಿನ ಸ್ಪ್ರಿಂಗಿಗೆ ತುಕ್ಕು ಹಿಡಿದಿದೆ, ಒತ್ತಿದ ಸನ್ನೆಯನ್ನು ಮಳೆಗಾಲದಲ್ಲಿ ಬೆರಳಿನಿಂದ ಎತ್ತಬೇಕಾಗುತ್ತದೆ. ತಯಾರಕರು ಬಿಡಿಭಾಗ ಮಾರುವುದಿಲ್ಲ. ಈ ಬೆಲೆಯ ಸಾಮಾನಿನಲ್ಲಿ ಅದು ದೊಡ್ಡ ಕೊರತೆ, ಐದರಲ್ಲಿ ಮೂರು ಅಂಕಕ್ಕಿಂತ ಹೆಚ್ಚು ಕೊಡಲು ನನಗೆ ಮನಸ್ಸಿಲ್ಲ. ಕಟರಿಗೆ, ಸ್ಕೇಲಿಗೆ ಪೂರ್ಣ ಅಂಕ, ಕತ್ತರಿಗೆ ನಾಲ್ಕು. ಕಟರಿನ ಬ್ಲೇಡುಗಳು ಮಡಿಕೇರಿ, ಕುಶಾಲನಗರ, ವಿರಾಜಪೇಟೆಗಳ ಸ್ಟೇಷನರಿ ಅಂಗಡಿಗಳಲ್ಲಿ ಸಿಗುತ್ತವೆ. ಆಮ್ಲರಹಿತ ಕಾರ್ಡ್‌ಸ್ಟಾಕಿಗೆ ಮಾತ್ರ ನಾನು ಮೈಸೂರಿಗೆ ಹೋಗುವವರ ಕೈಯಲ್ಲಿ ಚೀಟಿ ಕೊಟ್ಟು ಕಳುಹಿಸುತ್ತೇನೆ, ಅದೂ ಮೇ ತಿಂಗಳು ಮುಗಿಯುವುದರೊಳಗೆ.