ಮಾರುತಿ 800 ಸ್ಪೇರ್ ಪಾರ್ಟ್ಸ್ ಕ್ಯಾಟಲಾಗ್: ವರ್ಷಗಟ್ಟಲೆ ಬಳಸಿದ ಮೇಲೆ

ನಮ್ಮನೆಯಲ್ಲಿರುವುದು 1998ರ ಮಾರುತಿ 800. ಕಾರ್ಬುರೇಟರ್ ಮಾಡೆಲ್, ನಾಲ್ಕು ಗೇರು, ಏಸಿ ಇಲ್ಲ. ಆ ಕಾಲದಲ್ಲಿ ಗ್ಯಾರೇಜಿನವರಿಗೆಂದು ಕಂಪನಿ ಅಚ್ಚು ಹಾಕಿಸುತ್ತಿದ್ದ ಬಿಡಿಭಾಗಗಳ ಕ್ಯಾಟಲಾಗ್ ಒಂದು ನನ್ನ ಹತ್ತಿರ ಇದೆ. ದಾವಣಗೆರೆಯ ಹದಡಿ ರಸ್ತೆಯಲ್ಲಿದ್ದ ಮೇಸ್ತ್ರಿಯೊಬ್ಬರು ಗ್ಯಾರೇಜ್ ಮುಚ್ಚುವಾಗ ರದ್ದಿಗೆ ಹಾಕಲು ಕಟ್ಟಿಟ್ಟಿದ್ದರು. ಕೇಳಿದ್ದಕ್ಕೆ ಸುಮ್ನೆ ಕೊಟ್ಟರು. ರಟ್ಟಿಗೆಲ್ಲ ಗ್ರೀಸ್ ಮೆತ್ತಿದೆ, ಬ್ರೇಕಿನ ಅಧ್ಯಾಯದ ಒಂದಷ್ಟು ಹಾಳೆ ಕಿತ್ತು ಹೋಗಿವೆ. ಹಾಗಿದ್ದರೂ ಈ ಕಾರಿಗೆ ನಾನು ಕೊಂಡ ಯಾವ ಸಾಮಾನೂ ಇದರಷ್ಟು ಉಪಯೋಗಕ್ಕೆ ಬಂದಿಲ್ಲ.

ಮೊದಲು ಇದರಲ್ಲಿ ಏನಿದೆ ಅಂತ ಹೇಳಿಬಿಡುತ್ತೇನೆ. ಎಡಗಡೆ ಚಿತ್ರ, ಬಲಗಡೆ ಪಟ್ಟಿ. ಒಂದು ಭಾಗವನ್ನು ನಟ್ಟು, ವಾಷರ್ ಸಮೇತ ಬಿಚ್ಚಿ, ಕೂಡುವ ಕ್ರಮದಲ್ಲೇ ಹರಡಿದ ಹಾಗೆ ಚಿತ್ರ ಬರೆದಿರುತ್ತಾರೆ. ಪ್ರತಿ ತುಂಡಿಗೂ ಒಂದು ಅಂಕಿ. ಅದೇ ಅಂಕಿಯನ್ನು ಪಟ್ಟಿಯಲ್ಲಿ ನೋಡಿದರೆ ಪಾರ್ಟ್ ನಂಬರ್, ಹೆಸರು, ಒಂದು ಕಾರಿಗೆ ಎಷ್ಟು ಬೇಕು ಅನ್ನೋದು ಸಿಗುತ್ತದೆ. ಮಧ್ಯದಲ್ಲಿ ಪಾರ್ಟು ಬದಲಾಗಿದ್ದರೆ ಯಾವ ಚಾಸಿಸ್ ನಂಬರಿನಿಂದ ಯಾವುದರ ತನಕ ಅಂತಲೂ ಕೊಟ್ಟಿರುತ್ತಾರೆ. ಬೆಲೆ ಇಲ್ಲ. ಹೇಗೆ ಬಿಚ್ಚಬೇಕು, ಎಷ್ಟು ಬಿಗಿ ಮಾಡಬೇಕು ಅನ್ನೋದೂ ಇಲ್ಲ. ಅದಕ್ಕೆ ಸರ್ವಿಸ್ ಮ್ಯಾನುಯಲ್ ಬೇರೆಯೇ ಇದೆ.

ಹಳೆ ಕಾರಿನ ಪಾರ್ಟು ಎಲ್ಲೂ ಸಿಗಲ್ಲ ಅನ್ನೋ ಮಾತು ದಿನಾ ಕಿವಿಗೆ ಬೀಳುತ್ತದೆ. ನನ್ನ ಪ್ರಕಾರ ಹಾಗೆ ಹೇಳುವವರಲ್ಲಿ ಹೆಚ್ಚಿನವರು ನಂಬರ್ ಇಲ್ಲದೆ ಕೇಳಿದವರು. ಕೌಂಟರಿಗೆ ಹೋಗಿ "ಮುಂದಿನ ಚಕ್ರದ ಹತ್ರ ಇರುತ್ತಲ್ಲ, ಆ ರಬ್ಬರು" ಅಂದರೆ ಹುಡುಗ ಅಲ್ಲಿಂದಲೇ "ಬರಲ್ಲ ಅಣ್ಣ" ಅನ್ನುತ್ತಾನೆ. ಅವನ ತಪ್ಪೂ ಅಲ್ಲ. 1983ರ ಡಿಸೆಂಬರಿನಲ್ಲಿ ಬಂದು 2014ರ ಜನವರಿಯಲ್ಲಿ ನಿಂತ ಕಾರು ಇದು. ಹೆಸರು ಒಂದೇ, ಒಳಗೆ ಎಷ್ಟೋ ಸಲ ಬದಲಾಗಿದೆ. ಮೊದಲ ಮಾದರಿಗೆ ಹಿಂದೆ ಪಟ್ಟಾ ಸ್ಪ್ರಿಂಗ್, 1986ರ ನಂತರದ್ದಕ್ಕೆ ಕಾಯಿಲ್ ಸ್ಪ್ರಿಂಗ್. ಯಾವ 800 ಅಂತ ಅವನಿಗೆ ಹೇಗೆ ಗೊತ್ತಾಗಬೇಕು? ಅದೇ ಹುಡುಗನ ಮುಂದೆ ನಂಬರ್ ಬರೆದ ಚೀಟಿ ಇಡಿ. ಕಂಪ್ಯೂಟರಿನಲ್ಲಿ ಒತ್ತಿ ನೋಡುತ್ತಾನೆ. ಇದೆ, ಇಲ್ಲ, ತರಿಸಬೇಕು, ಈ ಮೂರರಲ್ಲಿ ಒಂದು ಉತ್ತರ ಬರುತ್ತದೆ.

ನಂಬರನ್ನು ಓದಲು ಕಲಿತರೆ ಅರ್ಧ ಕೆಲಸ ಆದ ಹಾಗೆ. ಸುಜುಕಿ ಪದ್ಧತಿಯಲ್ಲಿ ಮೊದಲ ಐದು ಅಂಕಿ ಇದು ಯಾವ ಭಾಗ ಅಂತ ಹೇಳುತ್ತವೆ, ಆಮೇಲಿನ ಐದು ಯಾವ ಮಾದರಿಯದ್ದು ಅಂತ. ಮಾರುತಿಯ ನಂಬರುಗಳಲ್ಲಿ ಸಾಮಾನ್ಯವಾಗಿ ನಡುವೆ ಇಂಗ್ಲಿಷಿನ ಎಂ ಅಕ್ಷರ ಬರುತ್ತದೆ. 11ರಿಂದ ಶುರುವಾದರೆ ಹೆಡ್ಡು, ಬ್ಲಾಕು. 12 ಆದರೆ ಕ್ರ್ಯಾಂಕ್, ಪಿಸ್ಟನ್, ಕ್ಯಾಮ್. 13 ಕಾರ್ಬುರೇಟರ್ ಮತ್ತು ಏರ್ ಫಿಲ್ಟರ್ ಕಡೆಯದ್ದು, 16 ಆಯಿಲ್ ಕಡೆಯದ್ದು, 17 ನೀರಿನ ಕಡೆಯದ್ದು. 16510 ಅಂದರೆ ಆಯಿಲ್ ಫಿಲ್ಟರ್, 13780 ಏರ್ ಫಿಲ್ಟರ್, 12761 ಟೈಮಿಂಗ್ ಬೆಲ್ಟ್, 17400 ವಾಟರ್ ಪಂಪ್, 11141 ಹೆಡ್ ಗ್ಯಾಸ್ಕೆಟ್. ಇಷ್ಟು ಬಾಯಿಪಾಠ ಆದರೆ ಡಬ್ಬಿಯ ಮೇಲಿನ ಚೀಟಿ ನೋಡಿದ ಕೂಡಲೇ ಒಳಗಿರೋದು ಏನು ಅಂತ ತಿಳಿಯುತ್ತದೆ. ಒಮ್ಮೆ ಆನ್‌ಲೈನಿನಲ್ಲಿ ವಾಟರ್ ಪಂಪ್ ಅಂತ ಮಾರಾಟಕ್ಕಿಟ್ಟಿದ್ದ ಡಬ್ಬಿಯ ಫೋಟೋದಲ್ಲೇ ನಂಬರ್ 16ರಿಂದ ಶುರುವಾಗಿತ್ತು. ಅದು ಆಯಿಲ್ ಕಡೆಯದ್ದು. ಮುಂದಕ್ಕೆ ಓದುವ ಕಷ್ಟವೇ ಬೇಡ, ಅಲ್ವಾ?

ನನಗೆ ತುಂಬಾ ಹಿಡಿಸಿದ್ದು 09ರಿಂದ ಶುರುವಾಗುವ ನಂಬರುಗಳು. ಬೋಲ್ಟು, ಸೀಲು, ಬೇರಿಂಗು, ಹೀಗೆ ಬರೀ ಈ ಕಾರಿಗೆಂದೇ ಮಾಡಿಸದ ಸಾಮಾನುಗಳು ಅಲ್ಲಿರುತ್ತವೆ. 09283 ಅಂದರೆ ಆಯಿಲ್ ಸೀಲ್. ಅದರ ಮುಂದಿನ ಎರಡಂಕಿ ಸಾಮಾನ್ಯವಾಗಿ ಸೀಲಿನ ಒಳಗಿನ ಅಳತೆ, ಮಿಲಿಮೀಟರಿನಲ್ಲಿ. ಅಂದಮೇಲೆ ಶೋರೂಮಿನಲ್ಲಿ ಇಲ್ಲ ಅಂದರೂ ಬಾಗಿಲು ಮುಚ್ಚಿಲ್ಲ. ನೇರ ಬೇರಿಂಗ್ ಅಂಗಡಿಗೆ ಹೋಗಬಹುದು. ನಮ್ಮ ದಾವಣಗೆರೆಯಲ್ಲಿ ಆ ಅಂಗಡಿಗಳಿಗೆ ಕೊರತೆ ಇಲ್ಲ. ಬೋರ್‌ವೆಲ್ ಮೋಟರು, ಅಕ್ಕಿ ಗಿರಣಿ, ಮೆಕ್ಕೆಜೋಳದ ಮಷಿನ್ನು, ಎಲ್ಲಕ್ಕೂ ಬೇರಿಂಗ್ ಬೇಕು.

ಪಿ.ಬಿ. ರಸ್ತೆ ಕಡೆ ಅಂಥ ಒಂದು ಅಂಗಡಿಗೆ ನಾನು ಖಾಯಂ ಗಿರಾಕಿ. ಯಜಮಾನರಿಗೆ ವಯಸ್ಸಾಗಿದೆ. ಆಲ್ಟರ್ನೇಟರಿನ ಬೇರಿಂಗ್ ಕೊಟ್ಟರೆ ಕಾರು ಯಾವುದು ಅಂತ ಕೇಳುವುದೇ ಇಲ್ಲ. ಸೀಮೆಎಣ್ಣೆಯಲ್ಲಿ ಅದ್ದಿದ ಚಿಂದಿಯಿಂದ ಅಂಚು ಒರೆಸುತ್ತಾರೆ, ಕನ್ನಡಕ ಹಣೆಗೇರಿಸಿ ಕಣ್ಣಿನ ಹತ್ತಿರ ಹಿಡಿಯುತ್ತಾರೆ, ಹೊರಗಿನ ಬಳೆಯ ಮೇಲೆ ಕೊರೆದ ನಂಬರ್ ಓದುತ್ತಾರೆ. ಕೊನೆಯ ಎರಡಂಕಿಯನ್ನು ಐದರಿಂದ ಗುಣಿಸಿದರೆ ಒಳಗಿನ ತೂತಿನ ಅಳತೆ ಅಂತ ಹೇಳಿಕೊಟ್ಟವರು ಅವರೇ. 6204 ಅಂದರೆ 20 ಮಿಲಿಮೀಟರ್, 6205 ಅಂದರೆ 25. 04ಕ್ಕಿಂತ ಕೆಳಗೆ ಮಾತ್ರ ಈ ಲೆಕ್ಕ ನಡೆಯಲ್ಲ. 6203ರ ತೂತು 17. ನಂಬರಿನ ಕೊನೆಯಲ್ಲಿ ಝಡ್‌ಝಡ್ ಅಂತಿದ್ದರೆ ಎರಡೂ ಕಡೆ ತಗಡಿನ ಮುಚ್ಚಳ, 2ಆರ್‌ಎಸ್ ಅಂತಿದ್ದರೆ ರಬ್ಬರಿನ ಮುಚ್ಚಳ. ಸಿ3 ಅಂತಿದ್ದರೆ ಒಳಗೆ ಸ್ವಲ್ಪ ಜಾಸ್ತಿ ಸಡಿಲ ಇರುತ್ತದೆ. ಬಿಸಿಯಾಗಿ ತಿರುಗುವ ಜಾಗಕ್ಕೆ ಅದು ಬೇಕು. "ಸಿ3 ಇದ್ದಲ್ಲಿಗೆ ಸಾದಾ ಹಾಕಬೇಡಿ ಯಜಮಾನ್ರೇ, ಕೂಗ್ತದೆ" ಅಂತ ಅವರು ಪ್ರತಿ ಸಲ ಎಚ್ಚರಿಸುತ್ತಾರೆ. ಒಳ್ಳೆ ಕಂಪನಿಯ ಬೇರಿಂಗೇ ಕಾರಿನ ಡಬ್ಬಿಯಲ್ಲಿ ಬರುವುದಕ್ಕಿಂತ ಇಲ್ಲಿ ಅಗ್ಗಕ್ಕೆ ಸಿಗುತ್ತದೆ.

ಎಂಜಿನ್ನಿನ ಒಳಗಿನ ಸಾಮಾನಿಗೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ. 796 ಸಿಸಿಯ ಈ ಮೂರು ಸಿಲಿಂಡರ್ ಎಂಜಿನ್ನಿಗೆ ಎಫ್8ಬಿ ಅಂತ ಹೆಸರು. ಓಮ್ನಿಯಲ್ಲಿದ್ದದ್ದೂ ಇದೇ. ಓಮ್ನಿ 2019ರವರೆಗೆ ತಯಾರಾಯಿತು, ಇವತ್ತಿಗೂ ಊರ ತುಂಬಾ ಓಡುತ್ತಿದೆ. ಹಾಗಾಗಿ ಪಿಸ್ಟನ್, ರಿಂಗು, ವಾಲ್ವು ಕೇಳುವಾಗ 800 ಅನ್ನುವ ಬದಲು ಓಮ್ನಿ ಅಂದರೆ ಕಪಾಟಿನಿಂದಲೇ ತೆಗೆದುಕೊಡುತ್ತಾರೆ. ಆದರೆ ಒಂದು ಮಾತು. ಹಳೆ ಆಲ್ಟೋ ಕೂಡ 796 ಸಿಸಿ ಅಂತ ಅದರ ಸಾಮಾನು ತರಲು ಹೋಗಬೇಡಿ. ಅದು ಎಫ್8ಡಿ, 12 ವಾಲ್ವಿನದ್ದು. ನಮ್ಮದು ಆರು ವಾಲ್ವು. ಹೆಡ್ಡೇ ಬೇರೆ. 2000ದ ಆಸುಪಾಸಿನಲ್ಲಿ ಬಂದ ಎಂಪಿಎಫ್‌ಐ 800 (ಕಾರ್ಬುರೇಟರ್ ಇಲ್ಲದೆ ಪೆಟ್ರೋಲನ್ನು ಸಿಂಪಡಿಸುವಂಥದ್ದು) ಕೂಡ ಬೇರೆ ಮಾಡೆಲ್. ಅಂಥ ಕಾರು ನಿಮ್ಮದಾದರೆ ನನ್ನ ಪುಸ್ತಕದಿಂದ ನಿಮಗೆ ಹೆಚ್ಚಿನ ಪ್ರಯೋಜನ ಇಲ್ಲ, ನಿಮ್ಮ ಮಾಡೆಲ್ಲಿನದ್ದೇ ಹುಡುಕಿ.

ಇನ್ನು ಕುಂದುಗಳು. ಪುಸ್ತಕ ಅಚ್ಚಾದ ಮೇಲೆ ಕಂಪನಿ ಎಷ್ಟೋ ನಂಬರುಗಳನ್ನು ಬದಲಿಸಿದೆ. ಹಳೆ ನಂಬರ್ ಒತ್ತಿದಾಗ "ಇಲ್ಲ" ಅಂತ ಬಂದರೆ ಅಲ್ಲಿಗೇ ಸುಮ್ಮನಾಗಬಾರದು. "ಇದರ ಬದಲಿಗೆ ಹೊಸ ನಂಬರ್ ಏನಾದರೂ ಬಂದಿದೆಯಾ ನೋಡಿ" ಅಂತ ಬಾಯಿಬಿಟ್ಟು ಕೇಳಬೇಕು. ಕೇಳದಿದ್ದರೆ ಹೇಳುವವರು ಕಡಿಮೆ. ಎಡ ಬಲದ ಗೊಂದಲ ಇನ್ನೊಂದು. ಪುಸ್ತಕದಲ್ಲಿ ಬಲ ಅಂದರೆ ಸೀಟಿನಲ್ಲಿ ಕೂತು ಮುಂದೆ ನೋಡಿದಾಗ ಬರುವ ಬಲ, ಅಂದರೆ ಸ್ಟೇರಿಂಗ್ ಇರುವ ಕಡೆ. ಕಾರಿನ ಎದುರು ನಿಂತು ಎಡ ಬಲ ಹೇಳುವ ಅಂಗಡಿಯವರೂ ಇದ್ದಾರೆ. ನಾನು "ಡ್ರೈವರ್ ಸೈಡು" ಅಂತಲೇ ಹೇಳುತ್ತೇನೆ, ಜಗಳವೇ ಇಲ್ಲ.

ನಂಬರ್ ಸರಿ ಇದ್ದ ಮಾತ್ರಕ್ಕೆ ಮಾಲು ಸರಿ ಇರುತ್ತದೆ ಅಂತ ನಂಬುವ ಹಾಗೂ ಇಲ್ಲ. ಬೆಂಗಳೂರಿನ ಒಬ್ಬ ಮಾರಾಟಗಾರರಿಂದ ತರಿಸಿದ ಟೈಮಿಂಗ್ ಬೆಲ್ಟಿನ ಪೊಟ್ಟಣದ ಮೇಲೆ ನಂಬರ್, ಚೀಟಿ ಎಲ್ಲ ಅಚ್ಚುಕಟ್ಟಾಗಿತ್ತು. ಬೆಲ್ಟಿನ ಬೆನ್ನ ಮೇಲೆ ಮಾತ್ರ ಏನೂ ಬರೆದಿರಲಿಲ್ಲ. ಕೈಯಲ್ಲಿ ಬಾಗಿಸಿದರೆ ಹಲ್ಲಿನ ಬುಡದಲ್ಲಿ ದಾರ ಕಾಣುತ್ತಿತ್ತು. ವಾಪಸ್ ತೆಗೆದುಕೊಳ್ಳಲು ತಿಂಗಳುಗಟ್ಟಲೆ ಸತಾಯಿಸಿದರು. ಅಂದಿನಿಂದ ಬೆಲ್ಟು, ಬ್ರೇಕಿನ ಸಾಮಾನು, ಇವೆರಡನ್ನು ಕಣ್ಣಾರೆ ನೋಡದೆ ಕೊಳ್ಳುವುದಿಲ್ಲ. ಇದು ಪುಸ್ತಕದ ದೋಷ ಅಲ್ಲ, ಬಿಡಿ.

ರಬ್ಬರು, ಪ್ಲಾಸ್ಟಿಕ್ಕು, ಕಾರಿನ ಬಾಡಿಯ ಸಾಮಾನಿನ ಅಧ್ಯಾಯಗಳು ಈಗ ಹೆಚ್ಚುಕಡಿಮೆ ನೋಡಿ ಖುಷಿಪಡಲಿಕ್ಕೆ ಮಾತ್ರ. ನಂಬರ್ ಇರುತ್ತದೆ, ಮಾಲು ಇರುವುದಿಲ್ಲ. ಅಲ್ಲಿ ಎರಡೇ ದಾರಿ, ಒಂದು ಗುಜರಿ, ಇನ್ನೊಂದು ಲೇತ್. ಗುಜರಿಯಲ್ಲಿ ಬಾಗಿಲು, ಗ್ಲಾಸು, ಡ್ಯಾಶ್‌ಬೋರ್ಡಿನ ತುಂಡು ಸಿಗುತ್ತವೆ. ರಬ್ಬರ್ ಮಾತ್ರ ಗುಜರಿಯದ್ದು ಬೇಡ, ಅದಕ್ಕೂ ನಮ್ಮದರಷ್ಟೇ ವಯಸ್ಸಾಗಿರುತ್ತದೆ.

ಲೇತ್ ವಿಷಯದಲ್ಲಿ ನಮ್ಮ ಕಡೆಯವರು ಪುಣ್ಯವಂತರು. ಪಕ್ಕದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್‌ನವರು ಲೇತ್ ಮಷಿನ್ನುಗಳನ್ನೇ ತಯಾರಿಸುತ್ತಿದ್ದರು. ಕಾರ್ಖಾನೆ ಹೋಯಿತು, ಕೈಕೆಲಸ ಬಲ್ಲವರು ಉಳಿದಿದ್ದಾರೆ. ನಮ್ಮ ಕಾರಿನ ಗೇರ್ ಲಿವರಿನ ಬುಶ್ (ಪಿನ್ನಿನ ಸುತ್ತ ಕೂರುವ ಬಳೆ) ಸವೆದು, ಲಿವರ್ ಗಡಗಡ ಅಲ್ಲಾಡುತ್ತಿತ್ತು. ಹಳೆ ಬುಶ್ಶನ್ನು ಲೇತಿನವರ ಕೈಗೆ ಕೊಟ್ಟೆ. ಅವರು ಬೆರಳಲ್ಲಿ ತಿರುಗಿಸಿ ನೋಡಿ ಮೇಜಿನ ಮೇಲಿಟ್ಟರು. "ಸವೆದಿದ್ದನ್ನ ಅಳೆದ್ರೆ ಸವೆದ ಅಳತೆಯೇ ಬರ್ತದೆ. ಅದು ಕೂಡೋ ಪಿನ್ ತಗೊಂಡ್ ಬನ್ನಿ" ಅಂದರು. ಪಿನ್ನಿಗೂ ಸವೆಯದ ಜಾಗ ಒಂದಿರುತ್ತದೆ, ಬುಶ್ ತಾಗದ ತುದಿಯಲ್ಲಿ. ಅಳೆಯಲು ವರ್ನಿಯರ್ ಹಿಡಿದದ್ದು ಅಲ್ಲಿಗೆ. ಗಟ್ಟಿ ನೈಲಾನ್ ರಾಡಿನ ಒಂದು ತುಂಡು ಕತ್ತರಿಸಿ, ಬಿಳಿ ಎಳೆಗಳು ಸುರುಳಿ ಸುರುಳಿಯಾಗಿ ಬೀಳುತ್ತಿರುವಾಗಲೇ ಮೂರ್ನಾಲ್ಕು ಸಲ ನಿಲ್ಲಿಸಿ ಪಿನ್ ತೂರಿಸಿ ನೋಡಿದರು. ಕೊನೆಗೆ ಬೆರಳಿನಿಂದ ಒತ್ತಿದರೆ ಹೋಗುವಷ್ಟು, ತಲೆಕೆಳಗೆ ಹಿಡಿದರೆ ಬೀಳದಷ್ಟು ಬಿಗಿ ಬಂತು. ಕ್ಯಾಟಲಾಗ್ ಇಲ್ಲೂ ಕೆಲಸಕ್ಕೆ ಬಂತು. ಆ ಜಾಗದಲ್ಲಿ ಎಷ್ಟು ಬುಶ್, ಎಷ್ಟು ವಾಷರ್, ಯಾವುದರ ಹಿಂದೆ ಯಾವುದು ಅನ್ನೋದು ಚಿತ್ರದಲ್ಲಿತ್ತು. ಹಿಂದೆ ಯಾರೋ ಬಿಚ್ಚಿದವರು ಒಂದು ವಾಷರ್ ಹಾಕದೇ ಬಿಟ್ಟಿದ್ದರು ಅಂತ ಗೊತ್ತಾದದ್ದೂ ಆಗಲೇ.

ಇನ್ನೊಂದು ತಮಾಷೆ. ನಂಬರನ್ನು ಫೋನಿನಲ್ಲಿ ಹುಡುಕಿದರೆ ಆಗಾಗ ಪಾಕಿಸ್ತಾನದ ಅಂಗಡಿಗಳು ಬರುತ್ತವೆ. ಅಲ್ಲಿ ಇದೇ ಕಾರು ಸುಜುಕಿ ಮೆಹ್ರಾನ್ ಅನ್ನುವ ಹೆಸರಿನಲ್ಲಿ 2019ರವರೆಗೆ ತಯಾರಾಗಿದೆ, ಇದೇ ಎಂಜಿನ್ನು. ತರಿಸಿಕೊಳ್ಳುವ ಮಾತು ಬಿಡಿ. ಆದರೆ ಕಾರ್ಬುರೇಟರ್ ಬಿಚ್ಚಿ ಜೋಡಿಸುವ ಅವರ ವಿಡಿಯೋಗಳು ಬಹಳ ಚೆನ್ನಾಗಿವೆ. ಭಾಷೆ ಬರದಿದ್ದರೂ ಕೈ ಎಲ್ಲಿಗೆ ಹೋಗುತ್ತದೆ ಅಂತ ಕಾಣುತ್ತದಲ್ಲ, ಸಾಕು.

ಕಾರ್ಬುರೇಟರ್ ಅಂದಾಗ ಪೆಟ್ರೋಲಿನ ಮಾತೂ ಬಂತು. ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆಸಿದ್ದು. ಹಳೆ ವಾಹನಗಳಲ್ಲಿ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು ಅಂತ ಪೆಟ್ರೋಲಿಯಂ ಸಚಿವಾಲಯವೇ 2025ರಲ್ಲಿ ಹೇಳಿದೆ. ಯಾವ್ಯಾವುದು ಅಂತ ಪಟ್ಟಿ ಮಾಡಲು ಕೂತಾಗ ಮತ್ತೆ ಈ ಪುಸ್ತಕವೇ ಬೇಕಾಯಿತು. ಟ್ಯಾಂಕಿನಿಂದ ಪಂಪಿನವರೆಗೆ, ಪಂಪಿನಿಂದ ಕಾರ್ಬುರೇಟರಿನವರೆಗೆ ಎಲ್ಲೆಲ್ಲಿ ರಬ್ಬರ್ ಪೈಪಿನ ತುಂಡಿದೆ ಅಂತ ಚಿತ್ರದಲ್ಲಿ ಬೆರಳಿಟ್ಟು ಎಣಿಸಬಹುದು. ಟ್ಯಾಂಕಿನ ಮೇಲಿನ ಒಂದು ತುಂಡಂತೂ ಕಾರಿನ ಕೆಳಗೆ ಮಲಗಿ ನೋಡಿದರೂ ಕಾಣಲ್ಲ. ಪೈಪನ್ನು ಮೀಟರ್ ಲೆಕ್ಕದಲ್ಲಿ ತಂದು ಎಲ್ಲವನ್ನೂ ಒಟ್ಟಿಗೆ ಬದಲಿಸಿದೆ. ಎಥನಾಲ್ ತಡೆಯುವಂಥದ್ದೇ ಕೇಳಿ ತನ್ನಿ. ಏರ್ ಪೈಪು, ನೀರಿನ ಪೈಪು ಕತ್ತರಿಸಿ ಕೊಡುವವರೂ ಇದ್ದಾರೆ.

ಇಷ್ಟೆಲ್ಲ ಯಾಕೆ, ಮಾರಿಬಿಡಬಾರದಾ ಅಂತ ಕೇಳುವವರಿದ್ದಾರೆ. ಆರ್‌ಸಿ ನವೀಕರಣಕ್ಕೆ 2022ರ ಏಪ್ರಿಲ್‌ಗೆ ಮೊದಲು 600 ರೂಪಾಯಿ ಇತ್ತು. 2023ರಲ್ಲಿ ನಾನು 5000 ಕಟ್ಟಿದೆ. ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟಿನಿಂದ ಅದು 10,000 ಆಗಿದೆ. ಲೆಕ್ಕ ಹಾಕಿದರೆ ನಷ್ಟವೇ ಇರಬಹುದು. ಮಂಡಿಪೇಟೆಯ ಸಂದಿಗಳಲ್ಲಿ ಈ ಕಾರು ತಿರುಗುವ ಹಾಗೆ ಬೇರೆ ಯಾವುದೂ ತಿರುಗಲ್ಲ ಅನ್ನೋದು ನನ್ನ ಉತ್ತರ. ಅದಕ್ಕೆ ಯಾರೂ ಒಪ್ಪುವುದಿಲ್ಲ.

ಪುಸ್ತಕಕ್ಕೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಒಂದು ಕಳೆದದ್ದು ಸಣ್ಣ ಅಕ್ಷರಕ್ಕೆ. ರಾತ್ರಿ ಹೊತ್ತು 3 ಮತ್ತು 8 ಒಂದೇ ಥರ ಕಾಣುತ್ತವೆ. ಅಚ್ಚಾದ ಪ್ರತಿ ಬೇಕಿದ್ದರೆ ಹಳೆ ಗ್ಯಾರೇಜುಗಳಲ್ಲಿ, ಬೆಂಗಳೂರಿನ ಜೆ.ಸಿ. ರಸ್ತೆಯ ಹಳೆ ಅಂಗಡಿಗಳಲ್ಲಿ ವಿಚಾರಿಸಿ ನೋಡಿ. ಕೊಳ್ಳುವ ಮೊದಲು ಒಳಪುಟದಲ್ಲಿ ಯಾವ ಮಾಡೆಲ್ಲಿನದ್ದು ಅಂತ ನೋಡಿ, ನಿಮ್ಮ ಆರ್‌ಸಿಯ ಚಾಸಿಸ್ ನಂಬರ್ ಅದರಲ್ಲಿ ಕೊಟ್ಟ ಸಾಲಿನೊಳಗೆ ಬರುತ್ತದಾ ಅಂತ ತಾಳೆ ಹಾಕಿ.

ನನಗೆ ಸದ್ಯ ಬೇಕಿರುವುದು ಡಿಕ್ಕಿ ಬಾಗಿಲಿನ ಸುತ್ತಲಿನ ರಬ್ಬರು. ಮಳೆಗಾಲದಲ್ಲಿ ಸ್ಟೆಪ್ನಿ ಇಡುವ ಜಾಗದಲ್ಲಿ ನೀರು ನಿಲ್ಲುತ್ತಿದೆ. ನಂಬರ್ ಇದೆ, ಮಾಲು ಇಲ್ಲ. ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆ ಯಾರಿಗಾದರೂ ಅಂಗಡಿಯ ಅಟ್ಟದಲ್ಲಿ ಹಳೆ ಸ್ಟಾಕು ಕಣ್ಣಿಗೆ ಬಿದ್ದರೆ ಇಲ್ಲೇ ಕೆಳಗೆ ತಿಳಿಸಿ. ಬ್ರೇಕಿನ ಅಧ್ಯಾಯದ ಹಾಳೆಗಳ ಫೋಟೋ ಇರುವವರು ಕಳಿಸಿದರೆ, ಬದಲಿಗೆ ನಿಮಗೆ ಬೇಕಾದ ಪುಟದ ಫೋಟೋ ನಾನು ಕಳಿಸುತ್ತೇನೆ.