ಅಜ್ಜನ ಮುಖವೋ, ಅಜ್ಜನ ಕೈಯೋ: ಒಂದೇ ದೃಶ್ಯಕ್ಕೆ ಬೇರೆ ಬೇರೆ ಶಾಟ್

ಕಾಲೇಜಿನ ಕಿರುಚಿತ್ರಕ್ಕೆ ಕಾಸರಗೋಡಿನ ಪೆರ್ಲದ ಕಡೆಯ ಒಂದು ತೋಟದ ಮನೆ ಸಿಕ್ಕಿತ್ತು. ದೃಶ್ಯ ಇಷ್ಟೇ: ಅಜ್ಜ ಜಗಲಿಯಲ್ಲಿ ಕೂತು ಚಾಲಿ ಅಡಿಕೆ (ಸಿಪ್ಪೆ ಸಮೇತ ಬಿಸಿಲಲ್ಲಿ ಒಣಗಿಸಿದ್ದು) ಸುಲಿಯುತ್ತಿದ್ದಾರೆ, ತೋಟ ಮಾರುವುದು ನಿಶ್ಚಯ ಆಯ್ತು ಅಂತ ಮಗ ಬಂದು ಹೇಳುತ್ತಾನೆ. ಅಜ್ಜ ಏನೂ ಹೇಳುವುದಿಲ್ಲ. ಇದನ್ನೇ ಕ್ಲೋಸ್‌ಅಪ್, ಮಿಡ್ ಶಾಟ್, ಲಾಂಗ್ ಶಾಟ್ ಮೂರರಲ್ಲೂ ತೆಗೆದು ಪಕ್ಕಪಕ್ಕ ಇಟ್ಟು ನೋಡಿದೆವು.

ಎಲ್ಲರಿಗೂ ಮೊದಲು ಬೇಕಾಗಿದ್ದು ಕ್ಲೋಸ್‌ಅಪ್. 50 ಎಂಎಂ ಲೆನ್ಸ್ ನಮ್ಮ ಕ್ಯಾನನ್ ಕ್ಯಾಮೆರಾದ ಕ್ರಾಪ್ ಸೆನ್ಸರ್‌ನಲ್ಲಿ, ಅಂದರೆ 35 ಎಂಎಂ ಫಿಲ್ಮಿಗಿಂತ ಚಿಕ್ಕ ಸೆನ್ಸರ್‌ನಲ್ಲಿ, ಸುಮಾರು 80 ಎಂಎಂ ಲೆನ್ಸಿನ ನೋಟ ಕೊಡುತ್ತದೆ. ಮುಖದ ಆಕಾರ ಕೆಡುವುದಿಲ್ಲ, ಹಿಂದಿನ ಗೋಡೆ ಮಸುಕಾಗುತ್ತದೆ. ಅಗಲ ನೋಟದ 18 ಎಂಎಂ ಲೆನ್ಸ್‌ನಲ್ಲಿ ಮುಖ ಅಷ್ಟೇ ದೊಡ್ಡದಾಗಿ ಕಾಣಬೇಕಾದರೆ ತೀರಾ ಹತ್ತಿರ ಹೋಗಬೇಕು, ಆಗ ಮೂಗು ಮುಂದೆ ಬಂದು ಕಿವಿ ಹಿಂದೆ ಸರಿಯುತ್ತದೆ. ದುಃಖದ ದೃಶ್ಯ ತಮಾಷೆಯಾಯಿತು.

ಆದರೆ ಅಜ್ಜನ ಪಾತ್ರ ಮಾಡಿದವರು ಯಕ್ಷಗಾನದ ಹಳೇ ವೇಷಧಾರಿ. ರಾತ್ರಿ ಬಯಲಾಟದಲ್ಲಿ ಕೊನೆಯ ಸಾಲಿಗೂ ಮುಟ್ಟಬೇಕಾದ ಮುಖ ಅದು. ಹುಬ್ಬು ಏರಿಸಿದರೆ ಫ್ರೇಮ್ ತುಂಬಿ ಹೋಗುತ್ತದೆ. ಕಡಿಮೆ ಮಾಡಿ ಅಂದರೆ, "ಮತ್ತೆ ಎಂತ ಮಾಡುದು ಮಾರಾಯಾ, ಸುಮ್ನೆ ಕೂರುದಾ?" ಅಂತ ಕೇಳಿದರು. ಹೌದು ಅಂದೆವು, ಬುಟ್ಟಿಯಲ್ಲಿರುವ ಅಡಿಕೆಯನ್ನು ಮನಸ್ಸಲ್ಲೇ ಎಣಿಸಿ ಅಂತ ಕೇಳಿಕೊಂಡೆವು. ಭಾವವೇ ಇಲ್ಲದ ಮುಖದ ಪಕ್ಕ ಏನನ್ನು ಜೋಡಿಸುತ್ತೇವೋ ಅದರ ಭಾವವನ್ನು ಪ್ರೇಕ್ಷಕ ಆ ಮುಖದಲ್ಲೇ ಓದುತ್ತಾನೆ ಅಂತ ರಷ್ಯಾದ ಚಿತ್ರ ನಿರ್ದೇಶಕ ಲೆವ್ ಕುಲೆಶೊವ್ 1920ರ ಆಸುಪಾಸಿನಲ್ಲೇ ತೋರಿಸಿದ್ದು ಇದನ್ನೇ. ಎಣಿಸುವ ಮುಖದ ಪಕ್ಕ ತೋಟದ ಶಾಟ್ ಜೋಡಿಸಿದಾಗ ಕ್ಲೋಸ್‌ಅಪ್ ಗೆದ್ದಿತು.

ಆದರೂ ನನ್ನ ಓಟು ಮಿಡ್ ಶಾಟ್‌ಗೆ. ಸೊಂಟದಿಂದ ಮೇಲೆ ಕಾಣುವಾಗ ಕೈಯೂ ಸಿಗುತ್ತದೆ. ಮಗನ ಮಾತು ಕಿವಿಗೆ ಬಿದ್ದ ಮೇಲೂ ಕೈ ಸುಲಿಯುತ್ತಲೇ ಇರುತ್ತದೆ, ಸ್ವಲ್ಪ ಜೋರಾಗಿ. ಅವರು ಎಂಥ ಮನುಷ್ಯ ಅನ್ನುವುದೂ ಅಲ್ಲಿದೆ, ಸಿಟ್ಟೂ ಅಲ್ಲಿದೆ. ಕ್ಯಾಮೆರಾ ಮಾತ್ರ ನೆಲದಲ್ಲಿ ಕೂತವರ ಕಣ್ಣಿನ ಎತ್ತರಕ್ಕೆ ಇಳಿಯಬೇಕು. ನಮ್ಮ ಟ್ರೈಪಾಡ್ ಅಷ್ಟು ತಗ್ಗುವುದಿಲ್ಲ, ಅಡಿಕೆ ಗೋಣಿಯ ಮೇಲೆ ಇಟ್ಟೆವು. ನಿಂತ ಎತ್ತರದಿಂದ ತೆಗೆದದ್ದರಲ್ಲಿ ಅಜ್ಜ ಪಾಪದವರಾಗಿ ಕಂಡರು, ಮೆಟ್ಟಿಲ ಕೆಳಗಿನಿಂದ ತೆಗೆದದ್ದರಲ್ಲಿ ಗದರಿಸುವ ಯಜಮಾನ. ಎರಡೂ ನಮ್ಮ ಪಾತ್ರವಲ್ಲ.

ಕ್ಯಾಮೆರಾ ಕೈಯಲ್ಲೇ ಹಿಡಿದು, ಅಲುಗಾಡುವ ಹಾಗೆ ತೆಗೆದದ್ದೂ ಇದೆ. ಮೊಮ್ಮಗಳು ಸುರಂಗದ (ನೀರಿಗಾಗಿ ಗುಡ್ಡಕ್ಕೆ ಕೊರೆದದ್ದು) ಕಡೆ ಓಡುವಲ್ಲಿ ಸರಿ, ಜಗಲಿಗೆ ಬೇಡ.

ಲಾಂಗ್ ಶಾಟ್ ಅಂಗಳದ ಆ ತುದಿಯಿಂದ. ಒಣಹಾಕಿದ ಅಡಿಕೆಯೇ ಅರ್ಧ ಫ್ರೇಮ್, ಅದರಾಚೆ ಅಪ್ಪ ಮಗ ಇಬ್ಬರೂ ಸಣ್ಣಗೆ. ಏನು ಕೈತಪ್ಪುತ್ತಿದೆ ಅಂತ ಬೇರೆ ಹೇಳಬೇಕಾಗಿಲ್ಲ. ವೇಷಧಾರಿಯ ಮೈ ಇಲ್ಲಿ ಕೆಲಸಕ್ಕೆ ಬಂತು, ಬೆನ್ನು ಬಾಗಿದ್ದು ಅಷ್ಟು ದೂರದಿಂದಲೂ ತಿಳಿಯುತ್ತದೆ. ತೊಂದರೆ ಸೌಂಡಿನದ್ದು: ಕ್ಯಾಮೆರಾದ ಮೈಕಿಗೆ ಮಗನ ಮಾತಿಗಿಂತ ಕಾಗೆ ಹೆಚ್ಚು ಕೇಳುತ್ತದೆ. ಮಗನ ಅಂಗಿಯ ಕಿಸೆಯಲ್ಲಿ ಮೊಬೈಲ್ ರೆಕಾರ್ಡಿಂಗ್‌ಗೆ ಇಟ್ಟು, ಶುರುವಿಗೆ ಒಂದು ಚಪ್ಪಾಳೆ ಹೊಡೆದರೆ ಎಡಿಟಿಂಗ್‌ನಲ್ಲಿ ಚಿತ್ರವನ್ನೂ ಮೊಬೈಲಿನ ಸೌಂಡನ್ನೂ ಹೊಂದಿಸಬಹುದು.