ಮುಂಬೈ ಬಿಸಿಲಿಗೆ ಜೆಲ್ ಸನ್‌ಸ್ಕ್ರೀನೋ, ಜಿಂಕ್ ಕ್ರೀಮೋ?

ವಯಸ್ಸು 30 ದಾಟಿದ ಗಂಡಸರು ಮುಖಕ್ಕೆ ಒಂದೇ ಒಂದು ಹಚ್ಚುವುದಾದರೆ ಅದು ಸನ್‌ಸ್ಕ್ರೀನ್ ಆಗಲಿ. ಕಲೆಗೂ ಸುಕ್ಕಿಗೂ ಬಿಸಿಲು ದೊಡ್ಡ ಕಾರಣ.

ಡೊಂಬಿವಲಿಯಿಂದ ದಿನಾ ಲೋಕಲ್ ಹಿಡಿಯುವವರಿಗೆ ಜೆಲ್ ಹಿತ. ಹಗುರ, ಬೇಗ ಇಂಗುತ್ತದೆ, ಗಡ್ಡದಲ್ಲಿ ಬಿಳಿ ಉಳಿಯುವುದಿಲ್ಲ. ಎಣ್ಣೆ ಮುಖದವರು ಸುಮ್ನೆ ಇದನ್ನೇ ತಗೊಳ್ಳಿ. ಆದರೆ ಕೆಲವರಿಗೆ ಬೆವರಿನ ಜೊತೆ ಕಣ್ಣಿಗೆ ಇಳಿದು ಉರಿಯುತ್ತದೆ. ನನಗೂ ಹಾಗೇ ಆಯಿತು. ದಾದರ್ ಬರುವಷ್ಟರಲ್ಲಿ ಕಣ್ಣೆಲ್ಲ ಕೆಂಪು.

ಆಮೇಲೆ ಜಿಂಕ್ ಆಕ್ಸೈಡ್ ಕ್ರೀಮಿಗೆ ಬದಲಾಯಿಸಿದೆ. ಕಣ್ಣುರಿ ಕಡಿಮೆ. ಶೇವ್ ಮಾಡಿದ ಮೇಲೆ ಚುರುಗುಟ್ಟುವ ಚರ್ಮಕ್ಕೂ ಇದೇ ವಾಸಿ. ಕಷ್ಟ ಅಂದರೆ, ನಮ್ಮ ಬಣ್ಣದ ಮೇಲೆ ವಿಭೂತಿ ಬಳಿದ ಹಾಗೆ ಕಾಣುತ್ತದೆ. ಟಿಂಟ್, ಅಂದರೆ ಚರ್ಮದ ಬಣ್ಣ ಬೆರೆಸಿದ್ದನ್ನು ತಗೊಂಡರೆ ಆ ಚಿಂತೆ ಕಡಿಮೆ. ಅದರಲ್ಲಿರುವ ಐರನ್ ಆಕ್ಸೈಡ್ ಕಪ್ಪು ಕಲೆ ಇರುವವರಿಗೆ ಇನ್ನೂ ಒಳ್ಳೆಯದು.

ಬಿಸಿಲು ಎಷ್ಟು ತಡೆಯುತ್ತದೆ ಅಂತ ಹೇಳುವ ಅಂಕಿ ಎಸ್‌ಪಿಎಫ್. ಅದು 50 ಇರುವುದಕ್ಕೆ ಜಾಸ್ತಿ ದುಡ್ಡು ಕೊಡಬೇಕಾ? 30 ಇದ್ದರೆ ಸುಮಾರು ಚರ್ಮ ಸುಡುವ ಯುವಿಬಿ ಕಿರಣವನ್ನು ಶೇ. 97ರಷ್ಟು ತಡೆಯುತ್ತದೆ, 50 ಇದ್ದರೆ ಶೇ. 98. ಅಷ್ಟೇ ವ್ಯತ್ಯಾಸ. ಹಚ್ಚುವ ಪ್ರಮಾಣ ಅದಕ್ಕಿಂತ ಮುಖ್ಯ, ಅಲ್ವಾ? ಮುಖ, ಕುತ್ತಿಗೆಗೆ ಎರಡು ಬೆರಳುದ್ದ ಬೇಕು. ಹೊರಗೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಕಿವಿ ಮರೆಯಬೇಡಿ.